ಮೂರೇ ನಟ್ಟು, ಒಂದೇ ವೈಪರ್: ಅಗ್ಗದ ಕಾರಿನ ಒಳಲೆಕ್ಕ

ಸಣ್ಣ ಕಾರುಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದ ಮೇಲೆ ಅಗ್ಗದ ಕಾರಿನ ಬಗ್ಗೆ ಪತ್ರಗಳು ಹೆಚ್ಚಿವೆ. ಎಲ್ಲಿಂದ ಶುರುವಾದರೂ ಪ್ರಶ್ನೆಗಳು ಸುತ್ತಿ ಬಳಸಿ ಟಾಟಾದ ಒಂದು ಲಕ್ಷದ ಕಾರು ನ್ಯಾನೊ ಹತ್ತಿರವೇ ಬಂದು ನಿಲ್ಲುತ್ತವೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: 2008ರಲ್ಲಿ ಒಂದು ಲಕ್ಷಕ್ಕೆ ಕಾರು ತೋರಿಸಿದರು. ಈಗ ತಂತ್ರಜ್ಞಾನ ಇನ್ನೂ ಮುಂದುವರಿದಿದೆ. ಹಾಗಿದ್ದೂ ಆ ಬೆಲೆಗೆ ಯಾಕೆ ಸಿಗುವುದಿಲ್ಲ? (ದಾವಣಗೆರೆ)

ಉತ್ತರ: ಮೊದಲು ದುಡ್ಡಿನ ಬೆಲೆ ನೋಡಿ. ಬಂಡವಾಳ ಲಾಭದ ತೆರಿಗೆಗೆ ಬಳಸುವ ವೆಚ್ಚ ಹಣದುಬ್ಬರ ಸೂಚ್ಯಂಕ 2008–09ರಲ್ಲಿ 137 ಇತ್ತು, 2025–26ಕ್ಕೆ 376. ಅಂದಿನ ಒಂದು ಲಕ್ಷ ಇಂದಿನ 2.74 ಲಕ್ಷಕ್ಕೆ ಸಮ. ಆ ಒಂದು ಲಕ್ಷವೂ ತೆರಿಗೆ, ಸಾಗಣೆ ಸೇರದ ಬೆಲೆ, ಅದೂ ಎ.ಸಿ. ಇಲ್ಲದ ಮೂಲ ಮಾದರಿಗೆ. 2.74 ಲಕ್ಷಕ್ಕೆ ಶೇ 18 ತೆರಿಗೆ ಕೂಡಿಸಿದರೆ 3.23 ಲಕ್ಷ ಆಗುತ್ತದೆ. ತೆರಿಗೆ ಇಳಿದ ಹೊತ್ತಿಗೆ ಆಲ್ಟೊ ಕೆ10ರ ಆರಂಭಿಕ ಶೋರೂಮ್ ಬೆಲೆ 3.70 ಲಕ್ಷದ ಹತ್ತಿರವಿತ್ತು. ನಡುವಿನ ಅಂತರ ಐವತ್ತು ಸಾವಿರಕ್ಕಿಂತ ಕಡಿಮೆ. ಅಷ್ಟರಲ್ಲಿ ಎರಡು ಸಿಲಿಂಡರ್ ಹೋಗಿ ಮೂರಾಗಿದೆ, ಆರು ಏರ್‌ಬ್ಯಾಗ್ ಬಂದಿವೆ, ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಬಂದಿದೆ, ಹೊಗೆ ಬಿಎಸ್-6 ಮಟ್ಟಕ್ಕೆ ಇಳಿದಿದೆ.

ಇವುಗಳಲ್ಲಿ ಬಹುಪಾಲು ಕಾನೂನು ಕಡ್ಡಾಯ ಮಾಡಿದ್ದು. ಡಿಕ್ಕಿ ಪರೀಕ್ಷೆ ಹೊಸ ಮಾದರಿಗಳಿಗೆ 2017ರ ಅಕ್ಟೋಬರಿನಿಂದ, ಹಳೆಯವಕ್ಕೆ 2019ರ ಅಕ್ಟೋಬರಿನಿಂದ. ಎಬಿಎಸ್ 2019ರ ಏಪ್ರಿಲ್. ಚಾಲಕನ ಏರ್‌ಬ್ಯಾಗ್ 2019ರ ಜುಲೈ. ಬಿಎಸ್-6 2020ರ ಏಪ್ರಿಲ್. ಪಕ್ಕದ ಸೀಟಿನ ಏರ್‌ಬ್ಯಾಗ್ 2021ರ ಕೊನೆಗೆ. ನ್ಯಾನೊ ಬಿಡುಗಡೆಯಾದಾಗ ಇವುಗಳಲ್ಲಿ ಒಂದೂ ಇರಲಿಲ್ಲ. ಒಂದು ಲಕ್ಷದ ಕಾರು ಕಾಣೆಯಾಗಿಲ್ಲ. ಬೇರೆ ಹೆಸರಿನಲ್ಲಿ, ಏರ್‌ಬ್ಯಾಗ್ ಕಟ್ಟಿಕೊಂಡು ಶೋರೂಮಿನಲ್ಲೇ ನಿಂತಿದೆ. ನಮ್ಮ ಸಂಬಳ ಅದೇ ಲೆಕ್ಕದಲ್ಲಿ ಏರಿದೆಯೇ ಎಂಬುದು ಬೇರೆ ಅಂಕಣದ ಪ್ರಶ್ನೆ.

ಪ್ರಶ್ನೆ: ನಾವು ಐದು ಜನ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾಲ್ಕು ಲಕ್ಷದ ಕಾರಿನ ವಿನ್ಯಾಸ ಆರಿಸಿಕೊಂಡಿದ್ದೇವೆ. ಚಿತ್ರ ಬರೆದು ಬೆಲೆ ಕೂಡಿಸಿದಾಗಲೆಲ್ಲ ಆರು ಲಕ್ಷ ದಾಟುತ್ತಿದೆ. ಎಲ್ಲಿ ತಪ್ಪುತ್ತಿದ್ದೇವೆ? (ಮೆಕ್ಯಾನಿಕಲ್ ವಿದ್ಯಾರ್ಥಿಗಳು, ಹುಬ್ಬಳ್ಳಿ)

ಉತ್ತರ: ಚಿತ್ರ ಮೊದಲು ಬರೆದಿರಿ, ಅಲ್ಲೇ ತಪ್ಪಿದ್ದು. ಬೆಲೆಯಿಂದ ಹಿಂದಕ್ಕೆ ಬನ್ನಿ. ಶೋರೂಮ್ ಬೆಲೆ 4,00,000. ಇದನ್ನು 1.18ರಿಂದ ಭಾಗಿಸಿ ತೆರಿಗೆ ತೆಗೆದರೆ 3,38,983. ಡೀಲರ್ ಪಾಲು ಶೇ 4 ಎಂದು ಹಿಡಿದು ಕಳೆಯಿರಿ: 3,25,424. ಸಾಗಣೆಗೂ ವಾರಂಟಿಗೂ ಹತ್ತು ಸಾವಿರ ತೆಗೆದಿಡಿ: 3,15,424. ಉಳಿದದ್ದರಲ್ಲಿ ಮುಕ್ಕಾಲು ಪಾಲು ಮಾತ್ರ ಬಿಡಿಭಾಗ ಮತ್ತು ಕಚ್ಚಾವಸ್ತುವಿಗೆ. ಕಾಲು ಪಾಲು ಕೂಲಿ, ಕಾರ್ಖಾನೆ, ಅಚ್ಚು, ಸಂಶೋಧನೆ, ಬಡ್ಡಿ, ಲಾಭ ಎಲ್ಲಕ್ಕೂ. ಅಲ್ಲಿಗೆ ನಿಮ್ಮ ಕೈಗೆ ಸಿಗುವುದು 2,36,568 ರೂಪಾಯಿ. ಕಾರು 700 ಕೆ.ಜಿ. ತೂಗಿದರೆ ಕಿಲೋಗೆ 338 ರೂಪಾಯಿ. (ಶೇ 4, ಮುಕ್ಕಾಲು ಎಂಬುವೆಲ್ಲ ಲೆಕ್ಕ ಕಲಿಯಲು ಇಟ್ಟುಕೊಂಡ ಅಂಕಿ, ಯಾವ ಕಂಪನಿಯ ಗುಟ್ಟೂ ಅಲ್ಲ.)

ಇದರಲ್ಲಿ ಶೇ 5ನ್ನು ಮೊದಲೇ ಎತ್ತಿಟ್ಟು ಬೀಗ ಹಾಕಿ. ಕೊನೆಯ ಮೂರು ತಿಂಗಳಲ್ಲಿ ಏನೋ ಒಂದು ಬಿರುಕು ಬಿಡುತ್ತದೆ, ಆಗ ಬೇಕಾಗುತ್ತದೆ. ಉಳಿದದ್ದನ್ನು ಹಂಚಿ: ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ ಶೇ 25, ಬಾಡಿ ಗೂಡಿಗೆ 20, ಸಸ್ಪೆನ್ಷನ್-ಬ್ರೇಕ್-ಸ್ಟೀರಿಂಗ್-ಚಕ್ರಕ್ಕೆ 18, ಒಳಾಂಗಣಕ್ಕೆ 15, ವಿದ್ಯುತ್ ಮತ್ತು ಏರ್‌ಬ್ಯಾಗ್‌ಗೆ 14, ಗಾಜು-ಬಣ್ಣ ಇತ್ಯಾದಿಗೆ 8. ಐದು ಜನರಿದ್ದೀರಿ, ಒಬ್ಬೊಬ್ಬರಿಗೆ ಒಂದೊಂದು ಪಾಲು ವಹಿಸಿ, ಗಾಜು-ಬಣ್ಣ ಒಳಾಂಗಣದವರ ಜೊತೆಗಿರಲಿ. ಒಬ್ಬ ತನ್ನ ಪಾಲು ಮೀರಿದರೆ ಇನ್ನೊಬ್ಬನಿಂದ ಸಾಲ ಕೇಳಿಯೇ ತರಬೇಕು. ಈ ಜಗಳದಲ್ಲೇ ವಿನ್ಯಾಸ ಹುಟ್ಟುವುದು.

ಮುಂದಿನ ಹೆಜ್ಜೆ ಒಂದು ಹಳೆಯ ಸಣ್ಣ ಕಾರನ್ನು ಬಿಚ್ಚುವುದು. ಗುಜರಿ ಸೇರಲಿರುವ ಮಾರುತಿ 800 ಸಿಕ್ಕರೆ ಸಾಕು. ಪ್ರತಿ ಭಾಗವನ್ನೂ ತಕ್ಕಡಿಗಿಟ್ಟು ತೂಕ, ಲೋಹ, ತಯಾರಾದ ಬಗೆ, ಹಿಡಿದಿದ್ದ ಬೋಲ್ಟುಗಳ ಸಂಖ್ಯೆ, ಬಿಚ್ಚಲು ಹಿಡಿದ ಸೆಕೆಂಡು ಬರೆದುಕೊಳ್ಳಿ. ಆಮೇಲೆ ಒಂದೊಂದಕ್ಕೂ ಮೂರು ಪ್ರಶ್ನೆ ಕೇಳಿ: ಇದಿಲ್ಲದೆ ಕಾರು ಓಡುತ್ತದೆಯೇ? ಪಕ್ಕದ ಭಾಗದೊಳಗೆ ಇದನ್ನು ಸೇರಿಸಬಹುದೇ? ಎಡಕ್ಕೂ ಬಲಕ್ಕೂ ಒಂದೇ ಸಾಕೇ? ರೊಮೇನಿಯಾದಲ್ಲಿ 2004ರಲ್ಲಿ ಬಂದ ಡಾಸಿಯಾ ಲೋಗನ್ ಮೂರನೆಯ ಪ್ರಶ್ನೆಯಿಂದ ಬಹಳ ಉಳಿಸಿತು. ಅದರ ಹೊರಗನ್ನಡಿ ಎಡಕ್ಕೂ ಬಲಕ್ಕೂ ಒಂದೇ ಆಕಾರ, ಡ್ಯಾಶ್‌ಬೋರ್ಡು ಒಂದೇ ಅಚ್ಚಿನ ಒಂದೇ ತುಂಡು.

ಬೋಲ್ಟುಗಳನ್ನು ಎಣಿಸಲು ಹೇಳಿದ್ದಕ್ಕೆ ಕಾರಣವಿದೆ. ವರ್ಷಕ್ಕೆ 2.5 ಲಕ್ಷ ಕಾರು ತೆಗೆಯಬೇಕು ಎನ್ನಿ. ವರ್ಷಕ್ಕೆ 300 ದಿನ, ದಿನಕ್ಕೆ ಏಳೂವರೆ ಗಂಟೆಯ ಎರಡು ಪಾಳಿ ಹಿಡಿದರೆ 2,70,000 ನಿಮಿಷ. ಸುಮಾರು 65 ಸೆಕೆಂಡಿಗೊಂದು ಕಾರು ಹೊರಬೀಳಬೇಕು. ಯಾವ ಕೆಲಸ 65 ಸೆಕೆಂಡ್ ಮೀರುತ್ತದೋ ಅದಕ್ಕೆ ಇನ್ನೊಂದು ಕೆಲಸದ ಕಟ್ಟೆ, ಇನ್ನೊಬ್ಬ ಕೆಲಸಗಾರ, ಬೋಲ್ಟ್ ಬಿಗಿಯುವ ಇನ್ನೊಂದು ಗನ್ನು ಬೇಕು. ಒಂದು ಬೋಲ್ಟ್ ತೆಗೆದರೆ ಬೋಲ್ಟಿನ ದುಡ್ಡು ಮಾತ್ರ ಉಳಿಯುವುದಿಲ್ಲ. ಒಂದು ತೂತು, ಒಂದು ಎಳೆ ಕೊರೆಯುವ ಕೆಲಸ, ಮೂರ್ನಾಲ್ಕು ಸೆಕೆಂಡ್, ಒಂದು ತಪಾಸಣೆಯೂ ಉಳಿಯುತ್ತದೆ.

ಇನ್ನು ಅಚ್ಚಿನ ಖರ್ಚು. ಹೆಚ್ಚಿನ ವಿದ್ಯಾರ್ಥಿಗಳು ಬಿದ್ದುಹೋಗುವುದು ಇಲ್ಲಿ. ತಗಡು ಒತ್ತುವ ಪ್ರೆಸ್ ಅಚ್ಚುಗಳಿಗೆ, ಪ್ಲಾಸ್ಟಿಕ್ ಅಚ್ಚುಗಳಿಗೆ ಒಟ್ಟು 400 ಕೋಟಿ ಎಂದುಕೊಳ್ಳಿ. ವರ್ಷಕ್ಕೆ 2.5 ಲಕ್ಷದಂತೆ ಐದು ವರ್ಷ ಮಾರಿದರೆ ಕಾರಿಗೆ 3,200 ರೂಪಾಯಿ ಬೀಳುತ್ತದೆ. 70 ಸಾವಿರದಂತೆ ಮಾರಿದರೆ ಅದೇ ಅಚ್ಚು ಕಾರಿಗೆ 11,400 ರೂಪಾಯಿಗೂ ಮೇಲೆ. ನೀವು ಬೋಲ್ಟು ತೆಗೆದು, ಕನ್ನಡಿ ತೆಗೆದು ಕೂಡಿಟ್ಟದ್ದೆಲ್ಲ ಮಾರಾಟ ಕುಸಿದ ಒಂದೇ ವರ್ಷದಲ್ಲಿ ಕರಗಿಹೋಗುತ್ತದೆ. ಹಾಗಾಗಿ ವರದಿಯಲ್ಲಿ ಬೆಲೆಯ ಪಕ್ಕದಲ್ಲೇ "ಇಷ್ಟು ಮಾರಿದರೆ" ಎಂದು ಸಂಖ್ಯೆ ಬರೆಯಿರಿ. ಸಂಖ್ಯೆ ಇಲ್ಲದ ಬೆಲೆಗೆ ಅರ್ಥವಿಲ್ಲ.

ಪ್ರಶ್ನೆ: ನ್ಯಾನೊ ಚಕ್ರಕ್ಕೆ ಮೂರೇ ನಟ್ಟು. ದುಡ್ಡು ಉಳಿಸಲು ಜೀವದ ಜೊತೆ ಆಟವಲ್ಲವೇ? (ರಾಯಚೂರು)

ಉತ್ತರ: ಅಲ್ಲ. ರೆನೊ ಕ್ವಿಡ್‌ನಲ್ಲೂ ಮೂರೇ ಇವೆ. ಚಕ್ರವನ್ನು ಹಿಡಿದಿಡುವುದು ಬೋಲ್ಟಿನ ಅಡ್ಡಬಲ ಅಲ್ಲ, ಬಿಗಿತದಿಂದ ಹುಟ್ಟುವ ಒತ್ತುಬಲ ಮತ್ತು ಅದರ ಘರ್ಷಣೆ. 12 ಮಿ.ಮೀ. ಬೋಲ್ಟ್ ಒಂದನ್ನು 100 ನ್ಯೂಟನ್-ಮೀಟರಿಗೆ ಬಿಗಿದರೆ ಸುಮಾರು 4 ಟನ್ ಒತ್ತುಬಲ ಬರುತ್ತದೆ. ಮೂರಕ್ಕೆ 12 ಟನ್. ತುಂಬಿದ ನ್ಯಾನೊ 900 ಕೆ.ಜಿ. ಆಸುಪಾಸು, ಹಿಂದಿನ ಒಂದು ಚಕ್ರದ ಮೇಲೆ ಕಾಲು ಟನ್‌ಗಿಂತ ತುಸು ಹೆಚ್ಚು. ಗುಂಡಿಗೆ ಬಿದ್ದಾಗ ಅದರ ಮೂರ್ನಾಲ್ಕು ಪಟ್ಟು ಹೊರೆ ಬಂದರೂ ಸಾಕಷ್ಟು ಮಿಗುತ್ತದೆ.

ಅಪಾಯ ಇರುವುದು ಬೇರೆಡೆ. ನಾಲ್ಕರಲ್ಲಿ ಒಂದು ಸಡಿಲವಾದರೆ ಮೂರು ಉಳಿಯುತ್ತವೆ. ಮೂರರಲ್ಲಿ ಒಂದು ಸಡಿಲವಾದರೆ ಉಳಿದ ಎರಡರ ನಡುವೆ ಚಕ್ರ ತೂಗಾಡಲು ಶುರುವಾಗುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಪೈಪ್ ಹಾಕಿ ಕಾಲಲ್ಲಿ ತುಳಿದು ಬಿಗಿದರೆ ಬೋಲ್ಟ್ ಹಿಗ್ಗುತ್ತದೆ. ಹಿಗ್ಗಿದ ಬೋಲ್ಟ್ ಬಿಗಿಯಾಗಿರುವಂತೆ ಕಂಡರೂ ಒತ್ತುಬಲ ಕಳೆದುಕೊಂಡಿರುತ್ತದೆ. ಚಕ್ರ ಕಳಚಿ ಹಾಕಿಸಿದ 50–100 ಕಿ.ಮೀ. ನಂತರ ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರಿನಿಂದ ಒಮ್ಮೆ ನೋಡಿಸಿ. ಹಬ್ ಮುಖದ ತುಕ್ಕು, ಬಣ್ಣ ಉಜ್ಜಿ ತೆಗೆದೇ ಚಕ್ರ ಕೂರಿಸಬೇಕು.

ಪ್ರಶ್ನೆ: ನ್ಯಾನೊದ ಎಂಜಿನ್ ಹಿಂದೆ ಇಟ್ಟಿದ್ದರಿಂದ ನಿಜವಾಗಿ ಎಷ್ಟು ಉಳಿಯಿತು? ಬೇರೆಯವರು ಯಾಕೆ ಹಾಗೆ ಮಾಡಲಿಲ್ಲ? (ಶಿವಮೊಗ್ಗ)

ಉತ್ತರ: ಮುಂದಿನ ಚಕ್ರ ತಿರುಗಬೇಕು, ಅದೇ ಚಕ್ರ ಕಾರನ್ನು ಎಳೆಯಲೂ ಬೇಕು ಎಂದರೆ ದೊಡ್ಡ ಕೋನದಲ್ಲೂ ಒಂದೇ ವೇಗ ಕೊಡುವ ದುಬಾರಿ ಕೀಲು ಬೇಕು. ಎಂಜಿನ್ ಹಿಂದೆ ಹೋದರೆ ಆ ಕೀಲಿನ ಕೆಲಸ ಹಗುರ. ಮುಂಭಾಗ ಹಗುರವಾದ್ದರಿಂದ ಪವರ್ ಸ್ಟೀರಿಂಗ್ ಬೇಡ, ಮುಂದಿನ ಟೈರು ಸಣ್ಣದಾಗಬಹುದು, ಚಕ್ರ ಹೆಚ್ಚು ತಿರುಗಬಹುದು. ನ್ಯಾನೊ 4 ಮೀಟರ್ ತ್ರಿಜ್ಯದಲ್ಲಿ ತಿರುಗಿದ್ದು ಹಾಗೆ. 3,099 ಮಿ.ಮೀ. ಉದ್ದದಲ್ಲಿ ನಾಲ್ವರು ಮೊಣಕಾಲು ತಾಗದೆ ಕೂತದ್ದೂ ಮೂತಿಯಲ್ಲಿ ಎಂಜಿನ್ ಇಲ್ಲದ್ದರಿಂದಲೇ.

ಬೆಲೆ ಬೇರೆ ಕಡೆ ತೆರಬೇಕಾಯಿತು. ಹಿಂದೆ ಭಾರವಿರುವ ಕಾರು ತಿರುವಿನಲ್ಲಿ ಬಾಲ ಬೀಸುತ್ತದೆ. ಅದನ್ನು ತಡೆಯಲೆಂದು ಮುಂದೆ 135/70, ಹಿಂದೆ 155/65 ಅಗಲದ 12 ಇಂಚಿನ ಟೈರು ಹಾಕಿದರು. ಎರಡು ಅಳತೆ ಎಂದ ಮೇಲೆ ನಾಲ್ಕೂ ಚಕ್ರಗಳ ಟೈರನ್ನು ಅದಲು ಬದಲು ಮಾಡುವಂತಿಲ್ಲ. ಮುಂದಿನಿಂದ ನೇರ ಬರುವ ಗಾಳಿ ಇಲ್ಲ, ಹಿಂದಿನ ಸೀಟಿನ ಬಾಗಿಲುಗಳ ಹಿಂದಿರುವ ಕಿಂಡಿಗಳಿಂದ ಎಳೆದುಕೊಳ್ಳಬೇಕು. ಅಲ್ಲಿ ಧೂಳು, ಕೆಸರು ಕೂತರೆ ಎಂಜಿನ್ ಕಾಯುತ್ತದೆ. ಸದ್ದೂ ಶಾಖವೂ ಹಿಂದಿನ ಸೀಟಿನ ಬೆನ್ನಿಗೇ. ಜೊತೆಗೆ ಸಾಮಾನು ಇಡುವ ಜಾಗ ಎಂಜಿನ್ ಮೇಲೆ ಬಂತು. ಬೇರೆಯವರ ಬಳಿ ಮುಂದೆ ಎಂಜಿನ್ ಇರುವ ಸಿದ್ಧ ಗೇರ್‌ಬಾಕ್ಸು, ಸಿದ್ಧ ಅಚ್ಚು, ಸಿದ್ಧ ಸರಬರಾಜುದಾರರು ಇದ್ದರು. ಅವನ್ನೆಲ್ಲ ಬಿಟ್ಟು ಬರುವಷ್ಟು ಉಳಿತಾಯ ಅವರಿಗೆ ಇದರಲ್ಲಿ ಇರಲಿಲ್ಲ.

ಪ್ರಶ್ನೆ: ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಸಣ್ಣ ಕಾರು ಆಗುಂಬೆ ಘಾಟಿ ಇಳಿಯಬಲ್ಲದೇ? (ತೀರ್ಥಹಳ್ಳಿ)

ಉತ್ತರ: ಇಳಿಯುತ್ತದೆ, ಗೇರಿನಲ್ಲಿ ಇಳಿಸಿದರೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಸುಮಾರು 500 ಮೀಟರ್ ಇಳಿಜಾರು. 900 ಕೆ.ಜಿ. ಕಾರು ಅಷ್ಟು ಇಳಿದಾಗ 44 ಲಕ್ಷ ಜೂಲ್ ಶಕ್ತಿ ಎಲ್ಲೋ ಶಾಖವಾಗಲೇಬೇಕು. ನಾಲ್ಕು ಡ್ರಮ್ಮು ತಲಾ 3 ಕೆ.ಜಿ. ಎರಕದ ಕಬ್ಬಿಣ ಎಂದುಕೊಂಡರೆ, ಗಾಳಿ ತಣಿಸದೆ, ಎಂಜಿನ್ ತಡೆಯದೆ ಎಲ್ಲವೂ ಅವಕ್ಕೇ ಹೋದರೆ 800 ಡಿಗ್ರಿ ಏರುತ್ತದೆ. ನಿಜದಲ್ಲಿ ಗಾಳಿ ಒಂದಷ್ಟು ಒಯ್ಯುತ್ತದೆ. ಮುಖ್ಯ ಪಾಲನ್ನು ಎಂಜಿನ್ ಹೊರಬೇಕು. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್, ಅಂದರೆ ಎರಡನೆಯದು, ಹೇರ್‌ಪಿನ್‌ಗಳಲ್ಲಿ ಒಂದನೆಯದು. ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸುವ ಚಾಳಿ ಇದ್ದರೆ ಬಿಡಿ. ಇಂಜೆಕ್ಷನ್ ಎಂಜಿನ್ ಗೇರಿನಲ್ಲಿ ಇಳಿಯುವಾಗ ಪೆಟ್ರೋಲನ್ನು ತಾನೇ ಕಡಿದುಹಾಕುತ್ತದೆ.

ಲಕ್ಷಣ ಗುರುತಿಸಿ. ಡ್ರಮ್ ಕಾದು ಹಿಗ್ಗಿದರೆ ಪೆಡಲ್ ಕೆಳಗೆ ಕೆಳಗೆ ಹೋಗುತ್ತದೆ. ಪೆಡಲ್ ಗಟ್ಟಿಯಾಗೇ ಇದ್ದು ಕಾರು ನಿಲ್ಲದಿದ್ದರೆ ಲೈನರ್ ಸುಟ್ಟಿದೆ. ಸ್ಪಂಜಿನಂತೆ ಮೆತ್ತಗಾದರೆ ಬ್ರೇಕ್ ದ್ರವ ಕುದಿದು ಆವಿಯಾಗಿದೆ. ಹೊಸ ಡಾಟ್-3 ದ್ರವದ ಕುದಿಬಿಂದು 205 ಡಿಗ್ರಿ, ತೇವ ಹೀರಿದ್ದಕ್ಕೆ 140 ಮಾತ್ರ. ಮಲೆನಾಡಿನ ಮಳೆಯಲ್ಲಿ ತೇವ ಬೇಗ ಸೇರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ತುಂಬಿದ ಹಳ್ಳ ದಾಟಿದ ಮೇಲೆ ಪೆಡಲನ್ನು ಹಗುರವಾಗಿ ಒತ್ತಿಕೊಂಡು ನೂರಿನ್ನೂರು ಮೀಟರ್ ಓಡಿಸಿ ಡ್ರಮ್ ಒಣಗಿಸಿ.

ಪ್ರಶ್ನೆ: ಅಗ್ಗದ ಕಾರು ಎಂದರೆ ಸೊನ್ನೆ ಸ್ಟಾರ್ ಎಂದೇ ಅರ್ಥವೇ? (ಮಂಗಳೂರು)

ಉತ್ತರ: ಕಾರುಗಳನ್ನು ಡಿಕ್ಕಿ ಹೊಡೆಸಿ ಸ್ಟಾರ್ ಕೊಡುವ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್ 2014ರ ಜನವರಿಯಲ್ಲಿ ನ್ಯಾನೊ, ಆಲ್ಟೊ 800, ಐ10, ಫಿಗೊ, ಏರ್‌ಬ್ಯಾಗ್ ಇಲ್ಲದ ಪೋಲೊ ಐದಕ್ಕೂ ಸೊನ್ನೆ ಕೊಟ್ಟಿತು. ಅದರಲ್ಲಿ ಪೋಲೊ ಅಗ್ಗದ ಕಾರಲ್ಲ. ಅಂದಮೇಲೆ ಬೆಲೆಯೊಂದನ್ನೇ ದೂರುವಂತಿಲ್ಲ.

ವೇಗದ ಲೆಕ್ಕ ನೋಡಿ. ನಮ್ಮ ಕಾನೂನಿನ ಮುಂಭಾಗದ ಡಿಕ್ಕಿ ಪರೀಕ್ಷೆ ಗಂಟೆಗೆ 56 ಕಿ.ಮೀ., ಎನ್‌ಕ್ಯಾಪ್‌ನದು 64. ಎಂಟೇ ಕಿ.ಮೀ. ವ್ಯತ್ಯಾಸ, ಆದರೆ ಶಕ್ತಿ ವೇಗದ ವರ್ಗಕ್ಕೆ ಏರುವುದರಿಂದ ಶೇ 31 ಹೆಚ್ಚು. 64ರಲ್ಲಿ ಬಡಿದ ಕಾರಿನ ಮೂತಿ ಅರ್ಧ ಮೀಟರ್ ಮುದುಡಿದರೆ ಒಳಗಿನವರ ಮೇಲೆ ಸರಾಸರಿ ಗುರುತ್ವದ 32 ಪಟ್ಟು ಬಲ ಬೀಳುತ್ತದೆ. ಮೂತಿ ಗಿಡ್ಡವಾಗಿ 35 ಸೆಂ.ಮೀ. ಮಾತ್ರ ಮುದುಡಿದರೆ 46 ಪಟ್ಟು. 3.1 ಮೀಟರ್ ಕಾರಿಗೆ ಇದು ಹುಟ್ಟಿನಿಂದ ಬಂದ ಕಷ್ಟ.

ಆದರೆ ದಾರಿ ಇಲ್ಲ ಎಂದಲ್ಲ. ಕ್ವಿಡ್ ಕಥೆ ಇದಕ್ಕೆ ಸರಿಯಾದ ಪಾಠ. 2016ರಲ್ಲಿ ಇಲ್ಲಿನ ಕ್ವಿಡ್‌ಗೆ ಮೊದಲು ಸೊನ್ನೆ ಬಂತು, ಏರ್‌ಬ್ಯಾಗ್ ಹಾಕಿದ ಮಾದರಿಗೂ ಸೊನ್ನೆಯೇ. ಗೂಡೇ ಕುಸಿದರೆ ಏರ್‌ಬ್ಯಾಗ್ ಯಾರನ್ನೂ ಕಾಯದು. ಗೂಡು ಗಟ್ಟಿ ಮಾಡಿದ ಮೇಲೆ ಒಂದು ಸ್ಟಾರ್ ಸಿಕ್ಕಿತು. ಬ್ರೆಜಿಲ್‌ನಲ್ಲಿ ಅದೇ ಕ್ವಿಡ್ ನಾಲ್ಕು ಏರ್‌ಬ್ಯಾಗ್ ಮತ್ತು ಗಟ್ಟಿಗೂಡಿನೊಂದಿಗೆ ನೂರು ಕಿಲೋಗೂ ಮೀರಿ ತೂಕ ಏರಿಸಿಕೊಂಡು 2017ರಲ್ಲಿ ಲ್ಯಾಟಿನ್ ಎನ್‌ಕ್ಯಾಪ್‌ನಿಂದ ಮೂರು ಸ್ಟಾರ್ ಪಡೆಯಿತು. ತೂಕ ಏರಿದರೆ ಬ್ರೇಕು, ಸ್ಪ್ರಿಂಗು, ಮೈಲೇಜು ಎಲ್ಲದಕ್ಕೂ ಬಿಸಿ ತಟ್ಟುತ್ತದೆ. ಅದನ್ನು ತಪ್ಪಿಸಲು ಮುಂಗಂಬ, ಬಾಗಿಲ ಕೆಳಗಿನ ಹೊಸ್ತಿಲು, ಡ್ಯಾಶ್‌ಬೋರ್ಡಿನ ಹಿಂದಿನ ಅಡ್ಡತೊಲೆ ಈ ಮೂರು ಜಾಗಕ್ಕೆ ಮಾತ್ರ ಅತಿಬಲದ ಉಕ್ಕು ಹಾಕಿ, ಉಳಿದೆಡೆ ಸಾಧಾರಣ ತಗಡು ಬಿಡುವುದು ಜಾಣತನ. ನಟ್ಟಿನಲ್ಲಿ, ವೈಪರಿನಲ್ಲಿ ಉಳಿಸಿದ ಹಣ ಸುರಿಯಬೇಕಾದದ್ದು ಇಲ್ಲಿಗೆ.

ಪ್ರಶ್ನೆ: ಇಷ್ಟೆಲ್ಲ ಬುದ್ಧಿ ಖರ್ಚು ಮಾಡಿದ ನ್ಯಾನೊ ಸೋತದ್ದೇಕೆ? (ಬೆಳಗಾವಿಯ ವ್ಯಾಪಾರಿ)

ಉತ್ತರ: ಒಂದೇ ಕಾರಣ ಹೇಳುವವರನ್ನು ನಂಬಬೇಡಿ. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ಕಾರ್ಖಾನೆ ಮುಗಿಯುತ್ತಾ ಬಂದಿತ್ತು. ಭೂಮಿ ಹೋರಾಟದಿಂದ 2008ರ ಅಕ್ಟೋಬರಿನಲ್ಲಿ ಅದನ್ನು ಬಿಟ್ಟು ಹೊರಡಬೇಕಾಯಿತು. ಆಗ ಕರ್ನಾಟಕವೂ ಧಾರವಾಡದ ಬಳಿ ಜಾಗ ತೋರಿಸಿತ್ತು, ಹೋಗಿದ್ದು ಗುಜರಾತಿನ ಸಾನಂದಕ್ಕೆ. ಅಲ್ಲಿ ಕಾರ್ಖಾನೆ ಶುರುವಾದದ್ದು 2010ರ ಜೂನ್‌ನಲ್ಲಿ. ನಡುವೆ 2009ರ ಏಪ್ರಿಲ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ದುಡ್ಡು ಕಟ್ಟಿ ಕಾದರು; ಚೀಟಿ ಎತ್ತಿ ಕಾರು ಹಂಚಬೇಕಾಯಿತು. ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸಿದಂತೆ ಆಯಿತು. ಕೆಲವು ಕಾರುಗಳಿಗೆ ಬೆಂಕಿ ಹತ್ತಿದ ಸುದ್ದಿ ಬಂತು. ಕಂಪನಿ 2010ರ ನವೆಂಬರಿನಲ್ಲಿ ಸೈಲೆನ್ಸರ್ ಮತ್ತು ವೈರಿಂಗ್‌ಗೆ ಹೆಚ್ಚುವರಿ ರಕ್ಷಣೆ ಉಚಿತವಾಗಿ ಹಾಕಿಕೊಟ್ಟಿತು. ಅತಿ ಹೆಚ್ಚು ಮಾರಾಟವಾದ 2011–12ರಲ್ಲಿ ಹೋದದ್ದು 74,527 ಕಾರು, ಕಾರ್ಖಾನೆಯ ಶಕ್ತಿ 2.5 ಲಕ್ಷ. ಹುಬ್ಬಳ್ಳಿಯ ವಿದ್ಯಾರ್ಥಿಗಳಿಗೆ ಕೊಟ್ಟ ಅಚ್ಚಿನ ಲೆಕ್ಕವನ್ನು ಇಲ್ಲಿಟ್ಟು ನೋಡಿ.

ಇನ್ನು ವಿನ್ಯಾಸದ ಪಾಲು. ಮೂರು ನಟ್ಟು, ಒಂದು ವೈಪರ್, ಟೊಳ್ಳು ಸ್ಟೀರಿಂಗ್ ದಂಡ: ಇವನ್ನು ಯಾವ ಗಿರಾಕಿಯೂ ದೂರಲಿಲ್ಲ. ದೂರಿದ್ದು ದಿನಾ ಕೈ ತಾಗುವ ಜಾಗಗಳನ್ನು. ಹಿಂದೆ ತೆರೆಯುವ ಬಾಗಿಲಿಲ್ಲ; ಅಕ್ಕಿ ಮೂಟೆ ಇಡಲು ಹಿಂದಿನ ಸೀಟು ಮಡಚಬೇಕು. ಪೆಟ್ರೋಲ್ ಹಾಕಿಸಲು ಮುಂದಿನ ಬಾನೆಟ್ ಎತ್ತಬೇಕು, ಬಂಕಿನಲ್ಲಿ ಎಲ್ಲರೂ ನೋಡುತ್ತಾರೆ. ಟ್ಯಾಂಕು 15 ಲೀಟರ್. ಮೂಲ ಮಾದರಿಗೆ ಎಡಗನ್ನಡಿಯೇ ಇಲ್ಲ. ಹಿಂಬಾಗಿಲು ತೆಗೆದರೆ ಕೀಲು, ಬೀಗ, ರಬ್ಬರು ಉಳಿಯುತ್ತವೆ, ಗೂಡೂ ಗಟ್ಟಿಯಾಗುತ್ತದೆ ಎಂಬ ಎಂಜಿನಿಯರ್ ಲೆಕ್ಕ ಸರಿಯೇ. ಆದರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. 2014ರಲ್ಲಿ ಪವರ್ ಸ್ಟೀರಿಂಗ್ ಬಂತು, 2015ರಲ್ಲಿ ತೆರೆಯುವ ಹಿಂಬಾಗಿಲು ಮತ್ತು 24 ಲೀಟರ್ ಟ್ಯಾಂಕ್ ಬಂದವು. ಅಷ್ಟರಲ್ಲಿ ಬೆಲೆ ಎರಡು ಲಕ್ಷದ ಹತ್ತಿರ, ಎರಡನೇ ಕೈ ಆಲ್ಟೊ ಅದಕ್ಕಿಂತ ಅಗ್ಗ. "ಅತಿ ಅಗ್ಗದ ಕಾರು" ಎಂಬ ಹಣೆಪಟ್ಟಿ ಮಾತ್ರ ಉಳಿಯಿತು. ಮದುವೆ ಮನೆ ಮುಂದೆ ಆ ಹಣೆಪಟ್ಟಿಯ ಕಾರಿನಿಂದ ಇಳಿಯಲು ಯಾರಿಗೆ ಇಷ್ಟ? 2018ರಲ್ಲಿ ತಯಾರಿಕೆ ನಿಂತಿತು.

ಪ್ರಶ್ನೆ: ಹಳೆಯ ನ್ಯಾನೊ ಒಂದು ಕಡಿಮೆಗೆ ಸಿಗುತ್ತಿದೆ. ಏನು ನೋಡಬೇಕು? (ಹಾಸನ)

ಉತ್ತರ: ತಣ್ಣಗಿರುವಾಗಲೇ ಹೋಗಿ, ಮಾಲೀಕರು ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಹಿಂದಿನ ಸಾಮಾನು ಜಾಗದ ಮುಚ್ಚಳ ಬಿಚ್ಚಿಸಿ ಎಂಜಿನ್ ನೋಡಿ. ನೀರಿನ ಹೋಸುಗಳನ್ನು ಹಿಚುಕಿ. ಉಬ್ಬಿದ್ದರೆ, ತುದಿಯಲ್ಲಿ ಬಿಳಿ ಇಲ್ಲವೇ ಹಸಿರು ಕರೆ ಕಟ್ಟಿದ್ದರೆ ಸೋರಿದೆ. ಸ್ಟಾರ್ಟ್ ಮಾಡಿ ಎ.ಸಿ. ಹಾಕಿ ಇಪ್ಪತ್ತು ನಿಮಿಷ ನಿಂತಲ್ಲೇ ಬಿಡಿ. ಫ್ಯಾನ್ ತಿರುಗಿ ನಿಂತು, ಮತ್ತೆ ತಿರುಗಬೇಕು. ತಿರುಗದಿದ್ದರೆ ಅಥವಾ ನಿಲ್ಲದೆ ತಿರುಗುತ್ತಲೇ ಇದ್ದರೆ ಬೆಲೆ ಮಾತಾಡುವ ಮುನ್ನ ಕಾರಣ ತಿಳಿಯಿರಿ. ಐಡಲ್‌ನಲ್ಲಿ ಎರಡು ಸಿಲಿಂಡರಿನ ನಡುಕ ಸ್ವಲ್ಪ ಸಹಜ. ಗೇರ್ ಲಿವರ್, ಸೀಟು ಎರಡೂ ಕುಣಿದರೆ ಎಂಜಿನ್ ಮೌಂಟಿನ ರಬ್ಬರ್ ಹೋಗಿದೆ. ಸೈಲೆನ್ಸರ್ ಸುತ್ತಲಿನ ತಗಡಿನ ಕವಚ ಇದೆಯೇ, ಹೊರಗಿನಿಂದ ಹಾಕಿಸಿದ ಸೌಂಡ್ ಸಿಸ್ಟಮ್ ವೈರು ಫ್ಯೂಸ್ ಇಲ್ಲದೆ ನೇರ ಬ್ಯಾಟರಿಗೆ ಹೋಗಿದೆಯೇ ನೋಡಿ. ಹಿಂದಿನ ಟೈರುಗಳನ್ನು ಮುಂದಿನ ಅಳತೆಗೇ ಬದಲಿಸಿದ್ದರೆ ಆ ಕಾರನ್ನು ವೇಗದ ತಿರುವಿಗೆ ಒಯ್ಯಬೇಡಿ. ನೋಂದಣಿಗೆ 15 ವರ್ಷ ಹತ್ತಿರವಿದ್ದರೆ ಫಿಟ್‌ನೆಸ್ ಖರ್ಚನ್ನೂ ಬೆಲೆಯಲ್ಲಿ ಕಳೆಯಿರಿ.

ಪ್ರಶ್ನೆ: ಬಜಾಜ್ ಕ್ಯೂಟ್ ಕಾರೋ, ಆಟೊವೋ? (ವಿಜಯಪುರ)

ಉತ್ತರ: ಎರಡೂ ಅಲ್ಲ, ಕ್ವಾಡ್ರಿಸೈಕಲ್: ನಾಲ್ಕು ಚಕ್ರದ, ಕಾರಿಗಿಂತ ಹಗುರವಾದ ಬೇರೆಯದೇ ವರ್ಗ. 216 ಸಿಸಿ ಒಂದೇ ಸಿಲಿಂಡರ್, ತೂಕ 400 ಕೆ.ಜಿ. ಆಸುಪಾಸು, ಗರಿಷ್ಠ ವೇಗ ಗಂಟೆಗೆ 70 ಕಿ.ಮೀ. ವರ್ಗ ಬೇರೆಯಾದ್ದರಿಂದ ನಿಯಮಗಳೂ ಕಾರಿನವಲ್ಲ, ಬೇರೆ. ಊರೊಳಗೆ ಸರಿ, ಎಕ್ಸ್‌ಪ್ರೆಸ್‌ವೇಗೆ ಅಲ್ಲ.

ಪ್ರಶ್ನೆ: ನಾಲ್ಕು ಲಕ್ಷಕ್ಕೆ ಎಲೆಕ್ಟ್ರಿಕ್ ಕಾರು ಸಾಧ್ಯವೇ? ನಮ್ಮ ಬೆಂಗಳೂರಿನ ರೇವಾ ಏನಾಯಿತು? (ಮೈಸೂರು)

ಉತ್ತರ: ರೇವಾ 2001ರಲ್ಲಿ ಬಂತು, 6 ವೋಲ್ಟಿನ ಎಂಟು ಸೀಸದ ಬ್ಯಾಟರಿ, ಒಟ್ಟು 48 ವೋಲ್ಟ್, ಚಾರ್ಜಿಗೆ 80 ಕಿ.ಮೀ. ಅದರ ದೇಹ ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಪ್ಲಾಸ್ಟಿಕ್ ಹಲಗೆ ಜೋಡಿಸಿದ್ದು. ಕೊಳವೆ ಬೆಸೆಯಲು ಅವನ್ನು ಅಳತೆಗೆ ಸರಿಯಾಗಿ ಹಿಡಿದಿಡುವ ಜಿಗ್ ಸಾಕು, ನೂರಾರು ಕೋಟಿಯ ಪ್ರೆಸ್ ಅಚ್ಚು ಬೇಡ. ಕಡಿಮೆ ಸಂಖ್ಯೆಗೆ ಅದೇ ಸರಿಯಾದ ವಿನ್ಯಾಸ. ಇಂದಿಗೂ ಹತ್ತಿಪ್ಪತ್ತು ಸಾವಿರ ಕಾರು ಮಾಡುವವರು ಅದನ್ನೇ ಹಿಡಿಯಬೇಕು. ಸೋತದ್ದು ಸೀಸ. ಭಾರ, ನೀರು ತುಂಬುವ ಕಾಟ, ಅರ್ಧ ಚಾರ್ಜಿನಲ್ಲಿ ವಾರಗಟ್ಟಲೆ ನಿಲ್ಲಿಸಿದರೆ ತಟ್ಟೆಯ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿ ಮುಗಿಯುವುದು. 2010ರಲ್ಲಿ ಕಂಪನಿ ಮಹೀಂದ್ರ ಪಾಲಾಯಿತು.

ಈಗಿನ ಲೆಕ್ಕ ಹೀಗೆ. ದಿನಕ್ಕೆ 80 ಕಿ.ಮೀ., ಕಿ.ಮೀ.ಗೆ 0.1 ಯೂನಿಟ್: 8 ಯೂನಿಟ್ ಬೇಕು. ಪೂರ್ತಿ ಖಾಲಿ ಮಾಡದೆ ಶೇ 80 ಮಾತ್ರ ಬಳಸಿದರೆ 10. ಕೆಲ ವರ್ಷಗಳ ನಂತರದ ಸವಕಳಿಗೂ ಸೇರಿಸಿ 12.5 ಯೂನಿಟ್. ಯೂನಿಟ್‌ಗೆ ಹತ್ತು ಸಾವಿರ ಎಂದು ಹಿಡಿದರೆ ಬ್ಯಾಟರಿಗೇ 1.25 ಲಕ್ಷ. ಮೇಲೆ ಹೇಳಿದ ಇಡೀ ಬಿಡಿಭಾಗದ ಹಣವೇ 2.37 ಲಕ್ಷ, ಮೂಗಿಗಿಂತ ಮೂಗುತಿ ಭಾರ. ವಿದ್ಯುತ್ ಕಾರಿಗೆ ಜಿಎಸ್‌ಟಿ ಶೇ 5 ಮಾತ್ರ ಆಗಿರುವುದರಿಂದ ನಾಲ್ಕು ಲಕ್ಷದಲ್ಲಿ ಸುಮಾರು 42 ಸಾವಿರ ಹೆಚ್ಚು ಕೈಗೆ ಸಿಗುತ್ತದೆ, ಎಂಜಿನ್-ಸೈಲೆನ್ಸರ್ ಖರ್ಚು ಹೋಗಿ ಮೋಟಾರ್-ಕಂಟ್ರೋಲರ್-ಚಾರ್ಜರ್ ಖರ್ಚು ಬರುತ್ತದೆ. ಒಟ್ಟಾರೆ ಬ್ಯಾಟರಿ ಸೇರಿ ನಾಲ್ಕು ಲಕ್ಷ ಕಷ್ಟ. 17.3 ಯೂನಿಟ್ ಬ್ಯಾಟರಿಯ ಎಂಜಿ ಕಾಮೆಟ್ 2023ರಲ್ಲಿ ಬಂದದ್ದು 7.98 ಲಕ್ಷಕ್ಕೆ, 2024ರಲ್ಲಿ ಬ್ಯಾಟರಿ ಬಾಡಿಗೆಗೆ ಕೊಟ್ಟಾಗ 4.99 ಲಕ್ಷ, ಜೊತೆಗೆ ಕಿ.ಮೀ.ಗೆ ಎರಡೂವರೆ ರೂಪಾಯಿ. ಕರೆಂಟಿಗೆ 80 ಪೈಸೆ ಸೇರಿಸಿದರೆ 3.30. ಲೀಟರಿಗೆ 20 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ ಐದು ರೂಪಾಯಿ ಆಗುತ್ತದೆ.

ಕೊಳ್ಳುವ ಮೊದಲು ಮನೆಯ ಅರ್ಥಿಂಗ್ ಪರೀಕ್ಷಿಸಿ. ಹಳೆಯ ಮನೆಗಳಲ್ಲಿ ಮೂರನೇ ತಂತಿ ಎಷ್ಟೋ ಕಡೆ ಗೋಡೆಯೊಳಗೇ ಕಡಿದುಹೋಗಿರುತ್ತದೆ, ಅಂಥಲ್ಲಿ ಚಾರ್ಜರ್ ಆನ್ ಆಗಲು ಒಪ್ಪುವುದಿಲ್ಲ. 16 ಆಂಪಿಯರ್ ಸಾಕೆಟ್ಟಿಗೆ ಮೀಟರ್ ಬೋರ್ಡಿನಿಂದ ಪ್ರತ್ಯೇಕ 4 ಚದರ ಮಿ.ಮೀ. ತಾಮ್ರದ ತಂತಿ ಮತ್ತು ಸೋರಿಕೆ ತಡೆಯುವ ಬ್ರೇಕರ್ ಹಾಕಿಸಿ. ಗೀಸರ್ ಇರುವ ಸಾಲಿಗೇ ಜೋಡಿಸಿದರೆ ಬೆಳಗಿನ ಸ್ನಾನದ ಹೊತ್ತಿಗೆ ಟ್ರಿಪ್ ಆಗುತ್ತದೆ.